ಜೈಪುರ ಪಾದ

ಜೈಪುರ ಪಾದ ಎಂಬುದು ಕಾಲು ಕಳೆದುಕೊಂಡವರಿಗಾಗಿ ರಾಜಸ್ಥಾನದ ಜೈಪುರ ನಗರದಲ್ಲಿ ರೂಪುಗೊಂಡ, ರಬ್ಬರನ್ನು ಮುಖ್ಯ ವಸ್ತುವಾಗಿ ಬಳಸುವ ಕೃತಕ ಪಾದ. ಕನ್ನಡದ ಪತ್ರಿಕೆಗಳಲ್ಲಿಯೂ ಜನಬಳಕೆಯಲ್ಲಿಯೂ ಇದನ್ನು ಸಾಮಾನ್ಯವಾಗಿ 'ಜೈಪುರ ಕಾಲು' ಎಂದು ಕರೆಯಲಾಗುತ್ತದೆ. 1968ರ ಸುಮಾರಿಗೆ ಅಲ್ಲಿನ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಮೂಳೆಶಸ್ತ್ರವೈದ್ಯ ಡಾ. ಪ್ರಮೋದ್ ಕರಣ್ ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಇದನ್ನು ಅಭಿವೃದ್ಧಿಪಡಿಸಿದರು. ಬರಿಗಾಲಿನಲ್ಲಿ ನಡೆಯಲು, ನೀರು ಮತ್ತು ಕೆಸರಿನಲ್ಲಿ ಕೆಲಸ ಮಾಡಲು, ಕುಕ್ಕರುಗಾಲಿನಲ್ಲಿ ಕೂರಲು ಹಾಗೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಅನುವಾಗುವಂತೆ ಇದರ ರಚನೆಯಿದೆ. ಕಡಿಮೆ ವೆಚ್ಚ, ಸ್ಥಳೀಯವಾಗಿ ದೊರೆಯುವ ವಸ್ತುಗಳು ಮತ್ತು ಸರಳ ತಯಾರಿಕಾ ವಿಧಾನ ಇದರ ಇತರ ಲಕ್ಷಣಗಳು. ಬಡವರ ದೈನಂದಿನ ಬದುಕನ್ನು ಸುಧಾರಿಸುವ ಸರಳ ವಿನ್ಯಾಸಗಳ ಕುರಿತ ಚರ್ಚೆಗಳಲ್ಲಿ ಜೈಪುರ ಪಾದವನ್ನು ಪ್ರಮುಖ ಉದಾಹರಣೆಯಾಗಿ ಉಲ್ಲೇಖಿಸಲಾಗುತ್ತದೆ.

ಹೆಸರು ಮತ್ತು ಅರ್ಥವ್ಯಾಪ್ತಿ

ಕಟ್ಟುನಿಟ್ಟಾದ ಅರ್ಥದಲ್ಲಿ 'ಜೈಪುರ ಪಾದ' ಎಂದರೆ ಹರಡಿನಿಂದ ಕೆಳಗಿನ ಪಾದದ ಭಾಗ ಮಾತ್ರ. ಪಾದ ಮತ್ತು ಕಾಲು ಸೇರುವ ಕೀಲನ್ನು ಹರಡು ಎನ್ನುತ್ತಾರೆ. ಪಾದದ ಮೇಲಿನ ಕೊಳವೆಯಾಕಾರದ ಕಾಲು, ಉಳಿದ ಕಾಲಿನ ತುದಿ ಕೂರುವ ಸಾಕೆಟ್, ಅಗತ್ಯವಿದ್ದಲ್ಲಿ ಕೃತಕ ಮಂಡಿ ಹಾಗೂ ಕಟ್ಟುವ ಪಟ್ಟಿಗಳು ಸೇರಿದಾಗ ಪೂರ್ಣ ಕೃತಕ ಕಾಲು ಸಿದ್ಧವಾಗುತ್ತದೆ. ರೂಢಿಯಲ್ಲಿ ಈ ಇಡೀ ಜೋಡಣೆಗೂ 'ಜೈಪುರ ಕಾಲು' ಎಂಬ ಹೆಸರೇ ಬಳಕೆಯಲ್ಲಿದೆ. ಪಾದ ಮತ್ತು ಕಾಲಿನ ಚರಿತ್ರೆ ಬೇರೆಬೇರೆಯಾಗಿರುವುದರಿಂದ ಈ ವ್ಯತ್ಯಾಸವನ್ನು ಗಮನಿಸುವುದು ಅಗತ್ಯ. ಪಾದದ ಮೂಲ ರಚನೆ ಹೆಚ್ಚು ಬದಲಾಗದೆ ಉಳಿದಿದೆ; ಕಾಲು ಮತ್ತು ಸಾಕೆಟ್‌ನ ವಸ್ತುಗಳು ಕಾಲಕಾಲಕ್ಕೆ ಬದಲಾಗಿವೆ.

ಹಿನ್ನೆಲೆ

ರಸ್ತೆ ಮತ್ತು ರೈಲು ಅಪಘಾತಗಳು, ಕೃಷಿಯಂತ್ರಗಳಿಂದಾಗುವ ಗಾಯಗಳು, ಮಧುಮೇಹ, ರಕ್ತನಾಳಗಳ ಕಾಯಿಲೆ, ಕೊಳೆತ ಗಾಯ, ಕುಷ್ಠರೋಗದ ತೊಡಕುಗಳು ಮೊದಲಾದ ಕಾರಣಗಳಿಂದ ಕಾಲನ್ನು ಕತ್ತರಿಸಬೇಕಾದ ಸಂದರ್ಭ ಒದಗುತ್ತದೆ. ಯುದ್ಧಪೀಡಿತ ಪ್ರದೇಶಗಳಲ್ಲಿ ನೆಲಬಾಂಬುಗಳು ಇದರ ಮುಖ್ಯ ಕಾರಣ. ಇವುಗಳಿಗೆ ತುತ್ತಾಗುವವರಲ್ಲಿ ದೈಹಿಕ ದುಡಿಮೆಯಿಂದಲೇ ಬದುಕುವವರ ಸಂಖ್ಯೆ ದೊಡ್ಡದು. ಕೂಲಿಕಾರನಿಗೂ ಸಣ್ಣ ರೈತನಿಗೂ ಕಾಲು ಹೋಗುವುದೆಂದರೆ ಬಹುತೇಕ ಜೀವನೋಪಾಯವೇ ಹೋದಂತೆ.

ಭಾರತದಲ್ಲಿ ಕೃತಕ ಅವಯವಗಳ ತಯಾರಿಕೆ ಜೈಪುರ ಪಾದಕ್ಕಿಂತ ಮುಂಚಿನಿಂದಲೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಪುಣೆಯಲ್ಲಿ 1944ರಲ್ಲಿ ಕೃತಕ ಅವಯವ ಕೇಂದ್ರ ಆರಂಭವಾಯಿತು. ಆದರೆ ಆ ಕಾಲದ ಕೃತಕ ಕಾಲುಗಳು ಪಾಶ್ಚಾತ್ಯ ಮಾದರಿಯವಾಗಿದ್ದವು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ರೂಪುಗೊಂಡ 'ಸ್ಯಾಕ್' ಪಾದ ಇವುಗಳಲ್ಲಿ ಹೆಚ್ಚು ಪ್ರಚಲಿತವಾದುದು. ಇದರಲ್ಲಿ ಹರಡು ಅಲುಗಾಡದಂತೆ ಗಟ್ಟಿಯಾಗಿರುತ್ತದೆ. ಒಳಗೆ ಮರದ ಬೆನ್ನೆಲುಬು, ಹಿಮ್ಮಡಿಯಲ್ಲಿ ಮೆತ್ತನೆಯ ಸ್ಪಂಜು ಇರುತ್ತವೆ. ಇದರ ಆಕಾರ ಬೂಟಿನೊಳಗೆ ಕೂರುವಂತಹುದು. ಸಮತಟ್ಟಾದ ನೆಲದಲ್ಲಿ ಬೂಟು ಧರಿಸಿ ನಡೆಯುವವರಿಗೂ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಿಗೂ ಇದು ಸಮರ್ಪಕವಾಗಿತ್ತು.

ಇದೇ ಪಾದ ಭಾರತದ ಹಳ್ಳಿಗಳಲ್ಲಿ ಹಲವು ತೊಡಕುಗಳನ್ನು ತಂದಿತು. ಬೂಟಿಲ್ಲದೆ ಅದನ್ನು ಬಳಸುವಂತಿರಲಿಲ್ಲ. ಮನೆ, ಅಡುಗೆಮನೆ, ದೇವಾಲಯ, ಮಸೀದಿಗಳ ಹೊಸ್ತಿಲಲ್ಲಿ ಪಾದರಕ್ಷೆ ಬಿಡುವುದು ಇಲ್ಲಿನ ವಾಡಿಕೆ. ನೀರು ತಾಗಿದರೆ ಸ್ಪಂಜು ಮತ್ತು ಮರ ಹಾಳಾಗುತ್ತಿದ್ದವು. ಗದ್ದೆಯಲ್ಲಿ ಕಾಲು ನೆನೆಯದೆ ಕೆಲಸವಾಗದು. ಹರಡು ಬಾಗದ ಕಾರಣ ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ. ಪಾದ ಪಕ್ಕಕ್ಕೆ ಹೊರಳದ ಕಾರಣ ನೆಲದ ಮೇಲೆ ಕುಳಿತು ಉಣ್ಣುವುದು ಕಷ್ಟವಾಗಿತ್ತು. ಉಬ್ಬುತಗ್ಗಿನ ಹಾದಿಯಲ್ಲಿ ಗಟ್ಟಿಯಾದ ಪಾದ ಎಡವುತ್ತಿತ್ತು. ಹೀಗಾಗಿ ಕೃತಕ ಕಾಲು ಪಡೆದ ಅನೇಕ ಹಳ್ಳಿಗರು ಕೆಲ ಕಾಲದ ನಂತರ ಅದನ್ನು ಬದಿಗಿಟ್ಟು ಮತ್ತೆ ಊರುಗೋಲಿಗೆ ಮರಳುತ್ತಿದ್ದರು. ಜೈಪುರದ ಆಸ್ಪತ್ರೆಯಲ್ಲಿ ಸೇಥಿ ಮತ್ತು ಅವರ ಸಹೋದ್ಯೋಗಿಗಳು ಎದುರಿಸಿದ ಸಮಸ್ಯೆ ಇದೇ ಆಗಿತ್ತು.

ಇತಿಹಾಸ

ಸೇಥಿ ಮತ್ತು ಶರ್ಮಾ

ಪ್ರಮೋದ್ ಕರಣ್ ಸೇಥಿ (1927–2008) ಬನಾರಸಿನಲ್ಲಿ ಜನಿಸಿದವರು. ಶಸ್ತ್ರವೈದ್ಯರಾಗಿ ತರಬೇತಿ ಪಡೆದು, ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಮೂಳೆಚಿಕಿತ್ಸಾ ವಿಭಾಗವನ್ನು ನಡೆಸುತ್ತಿದ್ದರು. ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದಿಂದ ಬಂದ ರಾಮಚಂದ್ರ ಶರ್ಮಾ ಅದೇ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳಿಗೆ ಕರಕುಶಲ ಕೆಲಸ ಕಲಿಸುತ್ತಿದ್ದರು. ಅವರಿಗೆ ಪ್ರಾಥಮಿಕ ಹಂತದ ಶಿಕ್ಷಣವಷ್ಟೇ ದೊರೆತಿತ್ತು. ಸುತ್ತಲಿನವರು ಅವರನ್ನು ಗೌರವದಿಂದ 'ಮಾಸ್ಟರ್‌ಜಿ' ಎಂದು ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರು ಬಳಸುತ್ತಿದ್ದ ಕೃತಕ ಅವಯವಗಳ ಕೊರತೆಗಳನ್ನು ಕಣ್ಣಾರೆ ಕಂಡ ಶರ್ಮಾ, ಮನುಷ್ಯನ ಪಾದವನ್ನೇ ಹೋಲುವ ಪಾದವನ್ನು ಮಾಡಲು ಮುಂದಾದರು.

ಇಲ್ಲಿ ಇಬ್ಬರ ಜ್ಞಾನವೂ ಬೇಕಾಯಿತು. ಪಾದದ ಯಾವ ಕೀಲು ಯಾವ ದಿಕ್ಕಿಗೆ ಎಷ್ಟು ಚಲಿಸುತ್ತದೆ, ಭಾರ ಎಲ್ಲಿ ಬೀಳುತ್ತದೆ, ಉಳಿದ ಕಾಲಿನ ಯಾವ ಭಾಗ ಒತ್ತಡವನ್ನು ತಾಳುತ್ತದೆ ಎಂಬುದು ವೈದ್ಯರಿಗೆ ಗೊತ್ತಿತ್ತು. ಯಾವ ವಸ್ತುವನ್ನು ಹೇಗೆ ಕೆತ್ತಬೇಕು, ಎರಕ ಹೊಯ್ಯಬೇಕು, ಬೆಸೆಯಬೇಕು ಎಂಬುದು ಕುಶಲಕರ್ಮಿಯ ಕೈಗೆ ಗೊತ್ತಿತ್ತು. ಡಾ. ಎಸ್. ಸಿ. ಕಾಸ್ಲಿವಾಲ್ ಮತ್ತು ಡಾ. ಮಹೇಶ್ ಉದಾವತ್ ಕೂಡ ಈ ಕಾರ್ಯದಲ್ಲಿ ಪಾಲ್ಗೊಂಡಿದ್ದರು.

ರಬ್ಬರಿನ ಆಯ್ಕೆ

ಆರಂಭದ ಪ್ರಯೋಗಗಳಲ್ಲಿ ಮರ ಮತ್ತು ಸ್ಪಂಜುಗಳನ್ನು ಬಳಸಲಾಯಿತು. ಬಾಗುವ ಗುಣ ಬಂದರೆ ಬಾಳಿಕೆ ಬರುತ್ತಿರಲಿಲ್ಲ, ಬಾಳಿಕೆ ಬಂದರೆ ಬಾಗುವ ಗುಣ ಇರುತ್ತಿರಲಿಲ್ಲ. ಈ ತೊಡಕು ಬಗೆಹರಿದ ಬಗೆಯನ್ನು ಕುರಿತು ಪ್ರಸಿದ್ಧವಾದ ಪ್ರಸಂಗವೊಂದಿದೆ. ಶರ್ಮಾ ಅವರ ಸೈಕಲ್ಲಿನ ಚಕ್ರ ಪಂಕ್ಚರ್ ಆಗಿ ಅವರು ದುರಸ್ತಿ ಅಂಗಡಿಗೆ ಹೋದಾಗ, ಅಲ್ಲಿ ಲಾರಿಯ ಸವೆದ ಟೈರಿಗೆ ಹೊಸ ರಬ್ಬರ್ ಪದರ ಹಚ್ಚುವ ಕೆಲಸ ನಡೆದಿತ್ತು. ಬಿಸಿಲು, ನೀರು, ಕಲ್ಲುಗಳನ್ನು ತಾಳಿಕೊಂಡು ಬಾಗುತ್ತಲೇ ದುಡಿಯುವ ಆ ವಸ್ತು ಪಾದಕ್ಕೂ ಒದಗಬಹುದೆಂದು ಅವರಿಗೆ ಹೊಳೆಯಿತು.

ಶರ್ಮಾ ಪಾದದ ಆಕಾರವನ್ನು ಕೆತ್ತಿ, ಅದರಿಂದ ಅಲ್ಯೂಮಿನಿಯಮ್ ಅಚ್ಚನ್ನು ಸಿದ್ಧಪಡಿಸಿದರು. ಪೂರ್ತಿಯಾಗಿ ಗಟ್ಟಿ ರಬ್ಬರಿನಿಂದ ಮಾಡಿದ ಮೊದಲ ಪಾದ ಭಾರವಾಗಿತ್ತು, ಸಾಕಷ್ಟು ಬಾಗುತ್ತಲೂ ಇರಲಿಲ್ಲ. ನಂತರ ಒಳಭಾಗದ ಗಟ್ಟಿ ರಬ್ಬರನ್ನು ತೆಗೆದು, ಆ ಜಾಗದಲ್ಲಿ ಸ್ಪಂಜು ರಬ್ಬರಿನ ತುಂಡುಗಳನ್ನು ಇರಿಸಲಾಯಿತು. ಹೊರಗೆ ಗಟ್ಟಿ ಚರ್ಮ, ಒಳಗೆ ಮೆತ್ತನೆಯ ಮಾಂಸ ಎಂಬಂತಹ ಈ ವ್ಯವಸ್ಥೆಯೇ ಮುಂದೆ ಜೈಪುರ ಪಾದದ ಸ್ಥಿರರೂಪವಾಯಿತು. ಸೇಥಿ, ಉದಾವತ್, ಕಾಸ್ಲಿವಾಲ್ ಮತ್ತು ಶರ್ಮಾ ಅವರು ಈ ಪಾದವನ್ನು ವಿವರಿಸಿ ಬರೆದ ಲೇಖನ 1978ರಲ್ಲಿ 'ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್ ಇಂಟರ್‌ನ್ಯಾಷನಲ್' ಎಂಬ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅಲ್ಪ ಶಿಕ್ಷಣದ ಕುಶಲಕರ್ಮಿಯೊಬ್ಬರ ಹೆಸರು ವೈದ್ಯರ ಹೆಸರುಗಳೊಡನೆ ವೈಜ್ಞಾನಿಕ ಲೇಖನದ ಕರ್ತೃಗಳ ಸಾಲಿನಲ್ಲಿ ಸೇರಿದುದು ಗಮನಾರ್ಹ.

ಪಾದದ ವಿನ್ಯಾಸಕ್ಕೆ ಪೇಟೆಂಟ್ ಪಡೆಯಲಿಲ್ಲ. ಇದರಿಂದ ಬೇರೆ ಊರುಗಳ ಹಾಗೂ ಬೇರೆ ದೇಶಗಳ ಕಾರ್ಯಾಗಾರಗಳು ಯಾವುದೇ ಶುಲ್ಕವಿಲ್ಲದೆ ಅದನ್ನು ತಯಾರಿಸಲು ಸಾಧ್ಯವಾಯಿತು.

ವಿನ್ಯಾಸ

ರಚನೆ

ಜೈಪುರ ಪಾದದ ಒಳಗೆ ಮೂರು ಮುಖ್ಯ ಭಾಗಗಳಿವೆ. ಮುಂಪಾದ ಮತ್ತು ಬೆರಳುಗಳ ಭಾಗ ಸ್ಪಂಜು ರಬ್ಬರಿನದು. ಹಿಮ್ಮಡಿಯ ಭಾಗವೂ ಸ್ಪಂಜು ರಬ್ಬರಿನದೇ. ಇವೆರಡರ ಮೇಲಿರುವ ಹರಡಿನ ಭಾಗ ಹಗುರವಾದ ಮರದ್ದು. ಪಾದವನ್ನು ಕಾಲಿಗೆ ಜೋಡಿಸುವ ಬೋಲ್ಟ್ ಇದರ ಮೂಲಕ ಹಾದುಬರುತ್ತದೆ. ಈ ಮೂರನ್ನೂ ಒಟ್ಟಾಗಿ ಬಂಧಿಸಿ, ಟೈರುಗಳಲ್ಲಿ ಬಳಸುವ ದಾರದ ಪದರದಿಂದ ಬಲಪಡಿಸಿ, ಮೇಲೆ ಚರ್ಮದ ಬಣ್ಣದ ರಬ್ಬರ್ ಹೊದಿಸಲಾಗುತ್ತದೆ. ಸವೆತ ಹೆಚ್ಚಾಗಿರುವ ಅಂಗಾಲಿಗೆ ಟೈರಿನ ಮೇಲ್ಪದರದಂತಹ ಗಡುಸಾದ ರಬ್ಬರನ್ನು ಉಪಯೋಗಿಸುತ್ತಾರೆ. ನೀರು ಒಳಗಿಳಿಯದಿರುವುದು ಈ ರಬ್ಬರ್ ಕವಚದಿಂದಾಗಿ.

ಬೆರಳುಗಳು ಬಿಡಿಬಿಡಿಯಾಗಿ ಕಾಣುವಂತೆ, ಉಗುರುಗಳ ಗುರುತು ಸಹಿತ, ನಿಜವಾದ ಪಾದದ ಆಕಾರದಲ್ಲಿ ಅಚ್ಚು ಇರುತ್ತದೆ. ಇದು ಕೇವಲ ಅಲಂಕಾರವಲ್ಲ. ಬರಿಗಾಲಿನ ಸಮಾಜದಲ್ಲಿ ಪಾದ ಸದಾ ಎಲ್ಲರಿಗೂ ಕಾಣುವ ಅಂಗ. ಬೂಟಿನ ಮರೆಯಿಲ್ಲದ ಕಡೆ ಕೃತಕ ಪಾದ ಪಾದದಂತೆಯೇ ಕಾಣದಿದ್ದರೆ ಧರಿಸಿದವರು ನಾಲ್ಕು ಜನರ ನಡುವೆ ಸಂಕೋಚಪಡಬೇಕಾಗುತ್ತದೆ.

ಚಲನೆಗಳು

ಪಾಶ್ಚಾತ್ಯ ಮಾದರಿಯ ಪಾದದಲ್ಲಿರುವ ಉದ್ದನೆಯ ಗಟ್ಟಿ ಬೆನ್ನೆಲುಬು ಜೈಪುರ ಪಾದದಲ್ಲಿಲ್ಲ. ಮರದ ಭಾಗವು ಹರಡಿಗಷ್ಟೇ ಸೀಮಿತವಾಗಿರುವುದರಿಂದ ಕೆಳಗಿನ ಸ್ಪಂಜು ರಬ್ಬರ್ ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನಂತೆ ವರ್ತಿಸುತ್ತದೆ. ಲೋಹದ ಕೀಲು, ಸ್ಪ್ರಿಂಗ್, ತಿರುಗಣಿ ಯಾವುದೂ ಇಲ್ಲದೆ ಈ ಕೆಳಗಿನ ಚಲನೆಗಳು ದೊರೆಯುತ್ತವೆ.

• ಕುಕ್ಕರುಗಾಲಿನಲ್ಲಿ ಕೂರುವುದು: ದೇಹದ ಭಾರ ಬಿದ್ದಾಗ ಪಾದದ ಮುಂಭಾಗ ಕಣಕಾಲಿನತ್ತ ಮೇಲಕ್ಕೆ ಬಾಗಬೇಕು. ಗಟ್ಟಿ ಬೆನ್ನೆಲುಬು ಇಲ್ಲದಿರುವುದರಿಂದ ಇದು ಸಾಧ್ಯವಾಗುತ್ತದೆ.

• ಚಕ್ಕಳಮಕ್ಕಳ ಹಾಕಿ ಕೂರುವುದು: ಮುಂಪಾದ ಒಳಮುಖವಾಗಿ ಹೊರಳಬೇಕು, ಪಾದ ಕಾಲಿನ ಅಕ್ಷದ ಸುತ್ತ ತುಸು ತಿರುಗಬೇಕು. ಹಿಮ್ಮಡಿ ಮತ್ತು ಮುಂಪಾದದ ಸ್ಪಂಜು ಇದಕ್ಕೆ ಎಡೆಮಾಡಿಕೊಡುತ್ತದೆ.

• ಉಬ್ಬುತಗ್ಗಿನ ನೆಲದಲ್ಲಿ ನಡೆಯುವುದು: ಅಂಗಾಲು ಒಳಕ್ಕೂ ಹೊರಕ್ಕೂ ವಾಲಿ ನೆಲಕ್ಕೆ ಹೊಂದಿಕೊಳ್ಳಬೇಕು. ಬದುಗಳ ಮೇಲೆ, ಕಲ್ಲುಹಾದಿಯಲ್ಲಿ ನಡೆಯುವವರಿಗೆ ಇದು ಮುಖ್ಯ.

• ನಡಿಗೆ: ಹಿಮ್ಮಡಿ ನೆಲಕ್ಕೆ ತಾಗುವಾಗ ಸ್ಪಂಜು ಕುಗ್ಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ, ಹೆಜ್ಜೆ ಎತ್ತುವಾಗ ಬೆರಳುಗಳ ಭಾಗ ಬಾಗುತ್ತದೆ.

ಈ ಪಾದ ಧರಿಸಿದವರು ಹೊಲದ ಕೆಲಸ ಮಾಡುವುದು, ಸೈಕಲ್ ತುಳಿಯುವುದು, ಮರ ಹತ್ತುವುದು, ಆಟೋರಿಕ್ಷಾ ಓಡಿಸುವುದು ಮೊದಲಾದವು ಸಾಮಾನ್ಯ ಸಂಗತಿಗಳಾಗಿವೆ. ಚಪ್ಪಲಿ ಅಥವಾ ಬೂಟು ಧರಿಸಬಯಸುವವರು ಅದನ್ನೂ ಧರಿಸಬಹುದು.

ತಯಾರಿಕೆ

ಪಾದದ ತಯಾರಿಕೆಯ ತಿರುಳು ವಲ್ಕನೀಕರಣ, ಅಂದರೆ ಗಂಧಕ ಬೆರೆತ ರಬ್ಬರನ್ನು ಶಾಖ ಮತ್ತು ಒತ್ತಡಕ್ಕೆ ಒಳಪಡಿಸಿ ಗಟ್ಟಿಯೂ ಸ್ಥಿತಿಸ್ಥಾಪಕವೂ ಆಗುವಂತೆ ಮಾಡುವ ಕ್ರಿಯೆ. ಸ್ಪಂಜು ರಬ್ಬರಿನ ಹಾಳೆಗಳನ್ನು ಅಂಟಿಸಿ, ಕತ್ತರಿಸಿ, ಉಜ್ಜಿ ಬೇಕಾದ ಆಕಾರಕ್ಕೆ ತರುತ್ತಾರೆ. ಮರದ ತುಂಡನ್ನು ಸೇರಿಸಿ, ಸುತ್ತಲೂ ಹಸಿ ರಬ್ಬರಿನ ಪದರಗಳನ್ನೂ ದಾರದ ಪದರವನ್ನೂ ಸುತ್ತಿ, ಎರಡು ಹೋಳುಗಳ ಅಲ್ಯೂಮಿನಿಯಮ್ ಅಚ್ಚಿನೊಳಗೆ ಇಡುತ್ತಾರೆ. ಅಚ್ಚನ್ನು ಬಿಗಿದು ಹಬೆಯ ಪಾತ್ರೆಯಲ್ಲಿ ಬೇಯಿಸಿದಾಗ ಎಲ್ಲ ಪದರಗಳೂ ಬೆಸೆದುಕೊಂಡು ಒಂದೇ ವಸ್ತುವಾಗುತ್ತವೆ. ವಿವಿಧ ಅಳತೆಯ ಎಡ ಮತ್ತು ಬಲ ಪಾದಗಳನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು. ಟೈರ್ ರಬ್ಬರ್, ಸ್ಪಂಜು, ಮರ, ಬೋಲ್ಟ್ ಇವೆಲ್ಲ ಸಾಧಾರಣ ಪಟ್ಟಣದಲ್ಲಿ ಸಿಗುವ ವಸ್ತುಗಳೇ ಆಗಿರುವುದರಿಂದ ಆಮದಿನ ಅಗತ್ಯ ಬೀಳುವುದಿಲ್ಲ.

ಪಾದದಂತಲ್ಲದೆ, ಕಾಲು ಮತ್ತು ಸಾಕೆಟ್ ಪ್ರತಿಯೊಬ್ಬರ ಅಳತೆಗೂ ಪ್ರತ್ಯೇಕವಾಗಿ ಸಿದ್ಧವಾಗಬೇಕು. ಆರಂಭದ ವರ್ಷಗಳಲ್ಲಿ ಲೋಹದ ಕೆಲಸದಲ್ಲಿ ಪಳಗಿದ ಕುಶಲಕರ್ಮಿಗಳು ಅಲ್ಯೂಮಿನಿಯಮ್ ತಗಡನ್ನು ಸುತ್ತಿಗೆಯಿಂದ ಬಡಿದು ಕಾಲನ್ನು ರೂಪಿಸುತ್ತಿದ್ದರು. ನಂತರ ನೀರಾವರಿಗೆ ಬಳಸುವ ಅಧಿಕ ಸಾಂದ್ರತೆಯ ಪಾಲಿಥಿಲೀನ್ ಕೊಳವೆಗಳು ಆ ಸ್ಥಾನಕ್ಕೆ ಬಂದವು. ಇವು ಹಗುರ, ತುಕ್ಕು ಹಿಡಿಯುವುದಿಲ್ಲ, ಬಿಸಿ ಮಾಡಿದರೆ ಬೇಕಾದ ಆಕಾರ ತಾಳುತ್ತವೆ.

ಜೋಡಣೆಯ ಕ್ರಮ ಸ್ಥೂಲವಾಗಿ ಹೀಗಿದೆ. ಉಳಿದ ಕಾಲಿನ ಸುತ್ತ ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗಿದ ಮೇಲೆ ತೆಗೆದರೆ ಟೊಳ್ಳಾದ ಅಚ್ಚು ಸಿಗುತ್ತದೆ. ಅದರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದರೆ ಉಳಿದ ಕಾಲಿನ ಪ್ರತಿರೂಪ ದೊರೆಯುತ್ತದೆ. ಒತ್ತಡ ತಾಳುವ ಕಡೆ ಅದನ್ನು ತುಸು ಕೆರೆದು, ಮೂಳೆ ಉಬ್ಬಿರುವ ನೋವಿನ ಜಾಗಗಳಲ್ಲಿ ತುಸು ಪ್ಲಾಸ್ಟರ್ ಹಚ್ಚಿ ತಿದ್ದುತ್ತಾರೆ. ಕುಲುಮೆಯಲ್ಲಿ ಮೆತ್ತಗಾದ ಕೊಳವೆಯನ್ನು ಈ ಪ್ರತಿರೂಪದ ಮೇಲೆ ಎಳೆದು, ಒಳಗಿನ ಗಾಳಿಯನ್ನು ಹೀರಿ ತೆಗೆದಾಗ ಅದು ಬಿಗಿಯಾಗಿ ಅಂಟಿಕೊಂಡು ಆಕಾರ ಪಡೆಯುತ್ತದೆ. ಆರಿದ ಮೇಲೆ ಅಂಚುಗಳನ್ನು ಕತ್ತರಿಸಿ, ಪಾದ ಮತ್ತು ಪಟ್ಟಿಗಳನ್ನು ಜೋಡಿಸಿ, ಧರಿಸಿದವರನ್ನು ನಡೆಸಿ ನೋಡಿ, ಎತ್ತರ ಮತ್ತು ಕೋನಗಳನ್ನು ಸರಿಪಡಿಸುತ್ತಾರೆ. ಮಂಡಿಯ ಕೆಳಗೆ ಕಾಲು ಹೋದವರಿಗೆ ಈ ಎಲ್ಲ ಕೆಲಸವನ್ನೂ ಒಂದೇ ದಿನದಲ್ಲಿ ಮುಗಿಸಲು ಸಾಧ್ಯ.

ವಿತರಣೆ

ಪಾದ ರೂಪುಗೊಂಡ ಮೊದಲ ಕೆಲವು ವರ್ಷಗಳಲ್ಲಿ ಅದರ ಪ್ರಯೋಜನ ಪಡೆದವರು ಕೆಲವೇ ಮಂದಿ. ಆಸ್ಪತ್ರೆಯ ಕಾರ್ಯಾಗಾರ ಚಿಕ್ಕದಾಗಿತ್ತು. ದೂರದ ಹಳ್ಳಿಯಿಂದ ಬರುವವರಿಗೆ ಪ್ರಯಾಣದ ಖರ್ಚು, ತಂಗಲು ಜಾಗ, ಕಳೆದುಹೋಗುವ ದಿನಗೂಲಿ ಇವೇ ದೊಡ್ಡ ಅಡೆತಡೆಗಳಾಗಿದ್ದವು. ಅಗ್ಗದ ಪಾದವೊಂದು ಇದ್ದ ಮಾತ್ರಕ್ಕೆ ಬಡವರಿಗೆ ಅದು ತಲುಪುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಸ್ಥಿತಿ ಬದಲಾದುದು 1975ರಲ್ಲಿ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿಯ ಸ್ಥಾಪನೆಯಿಂದ. ಮಹಾವೀರನ 2500ನೆಯ ನಿರ್ವಾಣ ವರ್ಷಾಚರಣೆಯ ಸಂದರ್ಭದಲ್ಲಿ ಹುಟ್ಟಿಕೊಂಡ ಈ ಸೇವಾಸಂಸ್ಥೆಯ ಸ್ಥಾಪಕರು ಭಾರತೀಯ ಆಡಳಿತ ಸೇವೆಯ ಅಧಿಕಾರಿ ಡಿ. ಆರ್. ಮೆಹ್ತಾ. 1969ರಲ್ಲಿ ರಸ್ತೆ ಅಪಘಾತದಲ್ಲಿ ಅವರ ಕಾಲಿಗೆ ತೀವ್ರ ಪೆಟ್ಟು ಬಿದ್ದಿತ್ತು. ಮುಂದೆ ಅವರು ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿಯಾದ ಸೆಬಿಯ ಅಧ್ಯಕ್ಷರೂ ಆದರು.

ಸಮಿತಿಯ ಕಾರ್ಯವಿಧಾನ ಬಡ ರೋಗಿಯ ಅನುಕೂಲವನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡಿದೆ. ಕಾಲನ್ನು ಉಚಿತವಾಗಿ ನೀಡಲಾಗುತ್ತದೆ. ಮುಂಗಡವಾಗಿ ಸಮಯ ಗೊತ್ತುಪಡಿಸಿಕೊಳ್ಳಬೇಕಾಗಿಲ್ಲ. ಯಾವ ಹೊತ್ತಿನಲ್ಲಿ ಬಂದರೂ ದಾಖಲಿಸಿಕೊಳ್ಳುತ್ತಾರೆ. ರೋಗಿಗೂ ಜೊತೆಗೆ ಬಂದವರಿಗೂ ಊಟ ಮತ್ತು ವಸತಿ ಒದಗಿಸಲಾಗುತ್ತದೆ. ಕೇಂದ್ರಕ್ಕೆ ಬರಲಾರದವರಿಗಾಗಿ ಬೇರೆ ಬೇರೆ ಊರುಗಳಲ್ಲಿ ಶಿಬಿರಗಳನ್ನು ನಡೆಸುತ್ತಾರೆ. ಕೃತಕ ಕಾಲುಗಳೊಡನೆ ಪೋಲಿಯೊಪೀಡಿತರಿಗೆ ಕ್ಯಾಲಿಪರ್, ಊರುಗೋಲು, ಗಾಲಿಕುರ್ಚಿ, ಕೈಯಿಂದ ನಡೆಸುವ ಮೂರು ಚಕ್ರದ ವಾಹನಗಳನ್ನೂ ವಿತರಿಸುತ್ತಾರೆ. ಇವೆಲ್ಲವನ್ನೂ ಒಳಗೊಂಡಂತೆ ಸಮಿತಿಯಿಂದ ನೆರವು ಪಡೆದವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ.

ಒಂದು ಜೈಪುರ ಕಾಲಿನ ವೆಚ್ಚವನ್ನು 2000ದ ದಶಕದಲ್ಲಿ ಸುಮಾರು 45 ಅಮೆರಿಕನ್ ಡಾಲರ್ ಎಂದು ಲೆಕ್ಕಹಾಕಲಾಗಿತ್ತು. ಅದೇ ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕೃತಕ ಕಾಲೊಂದಕ್ಕೆ ಸಾವಿರಾರು ಡಾಲರ್ ತಗಲುತ್ತಿತ್ತು. ನಿರ್ವಹಣಾ ತಜ್ಞ ಸಿ. ಕೆ. ಪ್ರಹ್ಲಾದ್ 2004ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಬಡವರನ್ನು ಗಮನದಲ್ಲಿಟ್ಟು ಕಟ್ಟಿದ ಉದ್ಯಮ ಹಾಗೂ ಸೇವೆಗಳ ಮಾದರಿಗಳಲ್ಲಿ ಒಂದಾಗಿ ಜೈಪುರ ಪಾದವನ್ನು ಅಧ್ಯಯನ ಮಾಡಿದ್ದಾರೆ.

ಇತರ ದೇಶಗಳಲ್ಲಿ

ಯುದ್ಧ ಮತ್ತು ನೆಲಬಾಂಬುಗಳಿಂದ ನಲುಗಿದ ಅಫ್ಘಾನಿಸ್ತಾನದಲ್ಲಿ ಜೈಪುರ ಪಾದ ವ್ಯಾಪಕ ಬಳಕೆಗೆ ಬಂದಿತು. ಶ್ರೀಲಂಕಾದ ಅಂತರ್ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗಾಗಿ ಜಾಫ್ನಾದಲ್ಲಿ ಕಾರ್ಯನಿರ್ವಹಿಸುವ ಪುನರ್ವಸತಿ ಕೇಂದ್ರದ ಹೆಸರಿನಲ್ಲಿಯೇ 'ಜೈಪುರ' ಸೇರಿಕೊಂಡಿದೆ. ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಸಮಿತಿ ಶಿಬಿರಗಳನ್ನು ನಡೆಸಿದೆ. ಗಾಂಧೀಜಿಯವರ 150ನೆಯ ಜನ್ಮವರ್ಷಾಚರಣೆಯ ಅಂಗವಾಗಿ ಭಾರತದ ವಿದೇಶಾಂಗ ಸಚಿವಾಲಯವು 2018ರಲ್ಲಿ ಸಮಿತಿಯೊಡನೆ 'ಇಂಡಿಯಾ ಫಾರ್ ಹ್ಯುಮ್ಯಾನಿಟಿ' ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಹೊರದೇಶಗಳಲ್ಲಿ ಕೃತಕ ಕಾಲು ಜೋಡಣಾ ಶಿಬಿರಗಳನ್ನು ಏರ್ಪಡಿಸಿತು.

ಕರ್ನಾಟಕದಲ್ಲಿ

ಹುಬ್ಬಳ್ಳಿಯಲ್ಲಿ ಅಖಿಲ ಭಾರತ ಜೈನ ಯುವ ಫೆಡರೇಶನ್ನಿನ ಮಹಾವೀರ ಲಿಂಬ್ ಸೆಂಟರ್ ಜೈಪುರ ಮಾದರಿಯ ಕೃತಕ ಕಾಲುಗಳನ್ನು ಜೋಡಿಸುವ ಕೆಲಸದಲ್ಲಿ ತೊಡಗಿದೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಸೇವಾಸಂಸ್ಥೆಗಳು ಆಗಾಗ 'ಜೈಪುರ ಕಾಲು ಜೋಡಣಾ ಶಿಬಿರ'ಗಳನ್ನು ಏರ್ಪಡಿಸುತ್ತವೆ. ಇದಲ್ಲದೆ, ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸಲು ಕೇಂದ್ರ ಸರ್ಕಾರ 1981ರಿಂದ ನಡೆಸುತ್ತಿರುವ 'ಅಡಿಪ್' ಯೋಜನೆಯಡಿಯಲ್ಲಿಯೂ ಅರ್ಹರಿಗೆ ಕೃತಕ ಅವಯವಗಳು ದೊರೆಯುತ್ತವೆ.

ಜೈಪುರ ಮಂಡಿ ಮತ್ತು ನಂತರದ ಸುಧಾರಣೆಗಳು

ಮಂಡಿಯ ಕೆಳಗೆ ಕಾಲು ಹೋದವರಿಗೆ ತಮ್ಮದೇ ಮಂಡಿ ಇರುತ್ತದೆ. ಮಂಡಿಯ ಮೇಲೆ ಕಾಲು ಹೋದವರಿಗೆ ಕೃತಕ ಮಂಡಿಯೂ ಬೇಕು. ಒಂದೇ ತಿರುಗಣಿಯ ಸರಳ ಮಂಡಿ ನಡೆಯುವಾಗ ಇದ್ದಕ್ಕಿದ್ದಂತೆ ಮಡಚಿಕೊಂಡು ಬೀಳಿಸುವ ಅಪಾಯವಿದೆ. ಸುಧಾರಿತ ಮಂಡಿಗಳ ಬೆಲೆ ದುಬಾರಿ. ಈ ಸಮಸ್ಯೆಗೆ ಉತ್ತರವಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಮಿತಿಯ ಸಹಯೋಗದಲ್ಲಿ 'ಜೈಪುರ ಮಂಡಿ'ಯನ್ನು ರೂಪಿಸಿದರು. ಎಣ್ಣೆ ತುಂಬಿದ ನೈಲಾನಿನಿಂದ ಮಾಡಿದ ಇದರಲ್ಲಿ ಹಲವು ತಿರುಗಣಿಗಳಿರುವುದರಿಂದ ಬಾಗಿದಂತೆಲ್ಲ ತಿರುಗುವ ಕೇಂದ್ರ ಸ್ಥಳಾಂತರಗೊಳ್ಳುತ್ತದೆ. ಇದು ಸಹಜ ಮಂಡಿಯ ಚಲನೆಗೆ ಹತ್ತಿರವಾದುದು. ನಿಂತಾಗ ಭದ್ರತೆಯೂ ಹೆಚ್ಚು. ಬೆಲೆ ಸುಮಾರು 20 ಡಾಲರ್ ಆಗಿದ್ದ ಈ ಮಂಡಿಯನ್ನು 'ಟೈಮ್' ಪತ್ರಿಕೆ 2009ರ 50 ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಸೇರಿಸಿತು.

ರಬ್ಬರಿನ ಬದಲು ಪಾಲಿಯುರೆಥೇನ್ ಬಳಸಿ ಹಗುರವಾದ ಪಾದವನ್ನು ತಯಾರಿಸುವ ಪ್ರಯತ್ನಗಳೂ ನಡೆದಿವೆ. ಇದಕ್ಕೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ತಾಂತ್ರಿಕ ನೆರವು ದೊರೆತಿದೆ.

ಮಿತಿಗಳು ಮತ್ತು ಟೀಕೆಗಳು

ಜೈಪುರ ಪಾದಕ್ಕೆ ತನ್ನದೇ ಆದ ಮಿತಿಗಳಿವೆ. ರಬ್ಬರಿನ ಪಾದ ಆಧುನಿಕ ಕೃತಕ ಪಾದಗಳಿಗೆ ಹೋಲಿಸಿದರೆ ಭಾರವಾದುದು. ಇಂಗಾಲದ ಎಳೆಗಳಿಂದ ಮಾಡಿದ ಪಾದಗಳು ಹೆಜ್ಜೆಯ ಒತ್ತಡವನ್ನು ಶೇಖರಿಸಿ, ಪಾದ ಎತ್ತುವಾಗ ಹಿಂದಿರುಗಿಸುತ್ತವೆ; ಮೆತ್ತನೆಯ ಜೈಪುರ ಪಾದದಲ್ಲಿ ಈ ಗುಣ ಕಡಿಮೆ. ಬಹುಮಟ್ಟಿಗೆ ಕೈಕೆಲಸವಾದ್ದರಿಂದ ಒಂದು ಕಾರ್ಯಾಗಾರದ ಪಾದಕ್ಕೂ ಇನ್ನೊಂದರ ಪಾದಕ್ಕೂ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣುತ್ತದೆ. ಬಾಳಿಕೆಯ ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆನಂತರ ಪಾದವನ್ನು ಬದಲಿಸಬೇಕಾಗುತ್ತದೆ.

ಹೆಚ್ಚು ಗಂಭೀರವಾದ ಟೀಕೆ ಪಾದವನ್ನು ಕುರಿತದ್ದಲ್ಲ, ಸಾಕೆಟ್ ಮತ್ತು ಜೋಡಣೆಯನ್ನು ಕುರಿತದ್ದು. 2000ದ ದಶಕದಲ್ಲಿ ಪ್ರಕಟವಾದ ಕ್ಷೇತ್ರ ಅಧ್ಯಯನಗಳು, ಪಾಲಿಥಿಲೀನ್ ಕೊಳವೆಯಿಂದ ಮಾಡಿದ ಕಾಲುಗಳಲ್ಲಿ ಸಾಕೆಟ್ ಸರಿಯಾಗಿ ಹೊಂದದಿರುವುದನ್ನೂ ಕುಶಲತೆಯ ಕೊರತೆಯನ್ನೂ ಎತ್ತಿ ತೋರಿಸಿದವು. ಮಂಡಿಯ ಮೇಲೆ ಕಾಲು ಹೋದವರಲ್ಲಿ ಈ ಸಮಸ್ಯೆ ಹೆಚ್ಚು. ಸಾಕೆಟ್ ಹೊಂದದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮಧುಮೇಹವಿರುವವರಲ್ಲಿ ಇಂತಹ ಹುಣ್ಣು ಅಪಾಯಕಾರಿ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಉಳಿದ ಕಾಲು ಕುಗ್ಗುವುದು ಸಹಜವಾದ್ದರಿಂದ ಆರಂಭದಲ್ಲಿ ಸರಿಯಾಗಿದ್ದ ಸಾಕೆಟ್ ಕೂಡ ಸಡಿಲವಾಗಬಹುದು. ಒಂದೇ ದಿನದಲ್ಲಿ ನೂರಾರು ಮಂದಿಗೆ ಕಾಲು ಜೋಡಿಸುವ ಶಿಬಿರದಲ್ಲಿ ನಡಿಗೆಯ ತರಬೇತಿಗೂ ನಂತರದ ತಪಾಸಣೆಗೂ ಸಾಕಷ್ಟು ಅವಕಾಶ ಸಿಗುವುದಿಲ್ಲ ಎಂಬುದು ತಜ್ಞರ ಆಕ್ಷೇಪ. ಶಿಬಿರಗಳಿಲ್ಲದಿದ್ದರೆ ಬಹಳ ಮಂದಿಗೆ ಕಾಲೇ ದೊರೆಯುತ್ತಿರಲಿಲ್ಲ ಎಂಬುದು ಇದಕ್ಕೆ ನೀಡಲಾಗುವ ಉತ್ತರ. ಸಂಖ್ಯೆ ಮತ್ತು ಗುಣಮಟ್ಟದ ನಡುವಿನ ಈ ಚರ್ಚೆ ಇಂದಿಗೂ ಮುಂದುವರಿದಿದೆ.

ಆವಿಷ್ಕಾರದ ಶ್ರೇಯಸ್ಸನ್ನು ಕುರಿತೂ ಚರ್ಚೆಯಿದೆ. ಪ್ರಶಸ್ತಿ ಮತ್ತು ಪ್ರಚಾರಗಳು ಹೆಚ್ಚಾಗಿ ವೈದ್ಯರಿಗೆ ಸಂದು, ಪಾದವನ್ನು ಕೈಯಾರೆ ರೂಪಿಸಿದ ರಾಮಚಂದ್ರ ಶರ್ಮಾ ಅವರಿಗೆ ತಕ್ಕ ಮನ್ನಣೆ ಸಿಗಲಿಲ್ಲ ಎಂಬ ಅಭಿಪ್ರಾಯ ಹಲವು ಬರಹಗಳಲ್ಲಿ ವ್ಯಕ್ತವಾಗಿದೆ.

ಮನ್ನಣೆ ಮತ್ತು ಜನಪ್ರಿಯ ಸಂಸ್ಕೃತಿ

ಡಾ. ಸೇಥಿ ಅವರಿಗೆ 1981ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಮತ್ತು ಪದ್ಮಶ್ರೀ ಪ್ರಶಸ್ತಿ ಸಂದವು. ಡಿ. ಆರ್. ಮೆಹ್ತಾ ಅವರಿಗೆ 2008ರಲ್ಲಿ ಪದ್ಮಭೂಷಣ ಪ್ರಶಸ್ತಿ ದೊರೆಯಿತು.

ಜೈಪುರ ಪಾದವನ್ನು ದೇಶದ ಮನೆಮಾತಾಗಿಸಿದವರು ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್. 1981ರಲ್ಲಿ ತಮಿಳುನಾಡಿನಲ್ಲಿ ನಡೆದ ರಸ್ತೆ ಅಪಘಾತದ ನಂತರ ಗಾಯ ಕೊಳೆತು ಅವರ ಬಲಗಾಲನ್ನು ಕತ್ತರಿಸಬೇಕಾಯಿತು. ಜೈಪುರ ಪಾದ ಧರಿಸಿ ಅಭ್ಯಾಸ ಮಾಡಿದ ಅವರು 1984ರಲ್ಲಿ ಮತ್ತೆ ರಂಗವೇರಿ ನರ್ತಿಸಿದರು. ಅವರ ಬದುಕನ್ನು ಆಧರಿಸಿ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ 'ಮಯೂರಿ' ಎಂಬ ತೆಲುಗು ಚಿತ್ರದಲ್ಲಿ ಸ್ವತಃ ಸುಧಾ ಚಂದ್ರನ್ ನಾಯಕಿಯ ಪಾತ್ರ ವಹಿಸಿದರು. 1986ರಲ್ಲಿ ಅದು 'ನಾಚೆ ಮಯೂರಿ' ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ತೆರೆಕಂಡಿತು.

ಮಹತ್ವ

ಜೈಪುರ ಪಾದವನ್ನು 'ಸೂಕ್ತ ತಂತ್ರಜ್ಞಾನ' ಎಂಬ ಪರಿಕಲ್ಪನೆಯ ನಿದರ್ಶನವೆಂದು ಪರಿಗಣಿಸಲಾಗುತ್ತದೆ. ಬಳಸುವವರ ಪರಿಸರ, ರೂಢಿ, ಆದಾಯ ಮತ್ತು ಸ್ಥಳೀಯ ಕೌಶಲಗಳಿಗೆ ಹೊಂದುವ ತಂತ್ರಜ್ಞಾನವೇ ಸೂಕ್ತ ತಂತ್ರಜ್ಞಾನ. ಇದು ದುಬಾರಿ ವಸ್ತುವೊಂದರ ಅಗ್ಗದ ನಕಲು ಅಲ್ಲ. ಹೊಲದಲ್ಲಿ ದುಡಿಯುವ, ನೆಲದ ಮೇಲೆ ಕುಳಿತು ಉಣ್ಣುವ ವ್ಯಕ್ತಿಗೆ ಹೆಚ್ಚು ಬೆಲೆಯ ಸ್ಯಾಕ್ ಪಾದಕ್ಕಿಂತ ಟೈರಿನ ರಬ್ಬರಿನ ಈ ಪಾದವೇ ಹೆಚ್ಚು ಉಪಯುಕ್ತವಾಯಿತು. ಕೃತಕ ಕಾಲು ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಅದನ್ನು ಧರಿಸುವವರ ದಿನಚರಿಯಲ್ಲಿ ಹುಡುಕಿದ್ದು ಇದರ ವೈಶಿಷ್ಟ್ಯ. ವಿನ್ಯಾಸ ಎಷ್ಟೇ ಸರಳವಾಗಿದ್ದರೂ, ಅದನ್ನು ತಲುಪಿಸುವ ವ್ಯವಸ್ಥೆ, ಸರಿಯಾಗಿ ಜೋಡಿಸುವ ಕೈ ಮತ್ತು ನಂತರದ ಆರೈಕೆ ಇಲ್ಲದಿದ್ದರೆ ಅದು ಪೂರ್ಣ ಫಲ ಕೊಡುವುದಿಲ್ಲ ಎಂಬುದನ್ನೂ ಇದರ ಇತಿಹಾಸ ತೋರಿಸಿಕೊಡುತ್ತದೆ.